ರಾಜೀನಾಮೆ ಎಂಬ ಒಪ್ಪಿಗೆಯ ಕಾಗದ

ವೃತ್ತಪತ್ರಿಕೆಗಳಲ್ಲಿ ಆಗಾಗ ಕಾಣುವ ಒಂದು ತಲೆಬರಹವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು: ‘ಮಂತ್ರಿಯ ರಾಜೀನಾಮೆ ಅಂಗೀಕಾರ’. ಇದರಲ್ಲಿ ನಮಗೆ ವಿಚಿತ್ರವೇನೂ ತೋರುವುದಿಲ್ಲ. ಆದರೆ ಪಾರಸಿ ಬಲ್ಲವರನ್ನು ಕೇಳಿ ನೋಡಿ. ಅರಬ್ಬಿಯಿಂದ ಬಂದ ‘ರಾಜಿ’ ಎಂದರೆ ಸಮ್ಮತಿಯುಳ್ಳವನು. ಪಾರಸಿಯ ‘ನಾಮೆ’ ಎಂದರೆ ಪತ್ರ. ಅಂದಮೇಲೆ ಆ ತಲೆಬರಹದ ಅಕ್ಷರಾರ್ಥ ‘ಮಂತ್ರಿಯ ಒಪ್ಪಿಗೆಪತ್ರಕ್ಕೆ ಒಪ್ಪಿಗೆ’ ಎಂದಾಯಿತು! ಬಿಟ್ಟು ಹೋಗುವ ಕಾಗದಕ್ಕೆ ಒಪ್ಪಿಗೆಯ ಹೆಸರು ಬಂದದ್ದು ಹೇಗೆ?

ಈ ಪ್ರಶ್ನೆಯನ್ನು ಕೇಳಲು ಕೊಪ್ಪಳ ಸೀಮೆಗಿಂತ ಒಳ್ಳೆಯ ಸ್ಥಳ ಸಿಗಲಾರದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳೆಂದು ಹೇಳಿದ ನಾಡಿನ ಎಲ್ಲೆಯಲ್ಲಿ ಕೊಪಣವೂ ಒಂದು. ಅದೇ ತಿರುಳುಗನ್ನಡದ ನಾಡಿನ ಈ ಭಾಗ ಮುಂದೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಾದವು. ಗಂಗಾವತಿ, ಕುಷ್ಟಗಿಗಳು ನೇರವಾಗಿ ಸರ್ಕಾರದ ತಾಲ್ಲೂಕುಗಳು. ಪಡುವಲಿಗೆ ನಡೆದರೆ ಮುಂಬಯಿ ಇಲಾಖೆಯ ಗದಗು, ರೋಣ. ತುಂಗಭದ್ರೆಯನ್ನು ದಾಟಿದರೆ 1953ರವರೆಗೆ ಮದರಾಸಿನ ಸೇರುವೆಯಲ್ಲಿದ್ದ ಬಳ್ಳಾರಿ ಜಿಲ್ಲೆ. ಒಂದೇ ಕನ್ನಡ, ಮೂರು ಸರ್ಕಾರ, ಮೂರು ಬಗೆಯ ಕಚೇರಿ ಭಾಷೆ.

ನಿಜಾಮರ ಕಚೇರಿಗಳಲ್ಲಿ ಮೊದಲು ಪಾರಸಿ, 1880ರ ದಶಕದಿಂದ ಈಚೆಗೆ ಉರ್ದು. ಊರ ಲೆಕ್ಕ ಬರೆಯುವ ಕುಲಕರ್ಣಿ ಕನ್ನಡ ಬಲ್ಲವನೇ. ಆದರೆ ಅವನ ಕಾಗದ ಮೇಲಕ್ಕೆ ಏರಿದಂತೆಲ್ಲ ಅದರ ಮಾತು ಬದಲಾಗುತ್ತಿತ್ತು. ಆಜ್ಞೆಯಾಗಿ ಕೆಳಕ್ಕೆ ಇಳಿಯುವಾಗ ಉರ್ದು ಶಬ್ದಗಳನ್ನು ಹೊತ್ತು ತರುತ್ತಿತ್ತು. ಹಾಗೆ ಇಳಿದು ಬಂದವುಗಳಲ್ಲಿ ಒಪ್ಪಿಗೆಯ ಮಾತುಗಳೇ ಬಹಳ. ‘ಕಬೂಲು’ ಎಂದರೆ ನೇರವಾದ ಒಪ್ಪಿಗೆ. ‘ಮಂಜೂರು’ ಎಂಬುದರ ಕಥೆ ಸ್ವಾರಸ್ಯವಾದದ್ದು. ಅದು ‘ನಜರು’ ಎಂಬ ಶಬ್ದದ ಬಂಧು. ‘ನೋಡಲ್ಪಟ್ಟದ್ದು’ ಎಂದು ಅದರ ಮೂಲಾರ್ಥ. ದೊಡ್ಡವರ ಕಣ್ಣಿಗೆ ಕಾಗದ ಬಿದ್ದರೆ ಸಾಕು, ಅರ್ಜಿ ಫಲಿಸಿದ ಹಾಗೆಯೇ! ಕಚೇರಿಗೆ ಅಲೆದು ಬಲ್ಲವರಿಗೆ ಇದರಲ್ಲಿ ಉತ್ಪ್ರೇಕ್ಷೆ ಕಾಣಲಾರದು.

ಇನ್ನು ನಮ್ಮ ರಾಜೀನಾಮೆ. ಉರ್ದು ಕಚೇರಿಯಲ್ಲಿ ನೌಕರಿ ಬಿಡುವವನು ಕೊಡುತ್ತಿದ್ದುದು ‘ಇಸ್ತೀಫಾ’. ರಾಜೀನಾಮೆಯೆಂದರೆ ವಾದಿ ಪ್ರತಿವಾದಿಗಳು ಜಗಳ ಮುಗಿಸಿಕೊಂಡು ಬರೆಯುವ ಪತ್ರ. ಮದರಾಸಿನ ಕಡೆಯ ನ್ಯಾಯಾಲಯಗಳಲ್ಲಿಯೂ ರಾಜಿಯಾದ ವ್ಯಾಜ್ಯದ ಕಾಗದಕ್ಕೆ ಇದೇ ಹೆಸರಿತ್ತು. ಮುಂಬಯಿ ಇಲಾಖೆಯಲ್ಲಿ ಮಾತ್ರ ಶಬ್ದ ಬೇರೆ ದಾರಿ ಹಿಡಿಯಿತು. 1840ರ ದಶಕದಲ್ಲಿ ವಿಂಗೇಟ್ ಮೊದಲಾದ ಅಧಿಕಾರಿಗಳು ಧಾರವಾಡ ಜಿಲ್ಲೆಯ ಮೋಜಣಿ ಮಾಡಿ, ಒಂದೊಂದು ಹೊಲಕ್ಕೂ ನಂಬರು ಕೊಟ್ಟು, ಕಂದಾಯ ಗೊತ್ತುಮಾಡಿದರು. ಕಂದಾಯ ಭಾರವೆಂದು ತೋರಿದ ರೈತ ಹೊಲವನ್ನು ಸರ್ಕಾರಕ್ಕೆ ಬಿಟ್ಟುಕೊಡಬಹುದಾಗಿತ್ತು. ಆಗ ಅವನು ಬರೆದುಕೊಡುವುದು ರಾಜೀನಾಮೆ. ಆ ಹೊಲವನ್ನು ಹಿಡಿಯುವವನು ಬರೆದುಕೊಡುವುದು ಕಬೂಲಾಯತಿ. ‘ಯಾರ ಬಲವಂತವೂ ಇಲ್ಲದೆ, ನನ್ನ ಖುಷಿಯಿಂದ ಬಿಡುತ್ತಿದ್ದೇನೆ’ ಎಂಬ ಸಮ್ಮತಿಯೇ ಆ ಕಾಗದದ ಜೀವಾಳ. ಆದ್ದರಿಂದಲೇ ಬಿಡುವ ಕಾಗದಕ್ಕೆ ಒಪ್ಪಿಗೆಯ ಹೆಸರು ನಿಂತಿತೆಂದು ತೋರುತ್ತದೆ. ಹೊಲ ಬಿಡುವ ಮಾತು ಕಾಲಕ್ರಮದಲ್ಲಿ ಹುದ್ದೆ ಬಿಡುವ ಮಾತಾಯಿತು. ಮರಾಠಿಯಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ಕೂಡ ಇಂದು ರಾಜೀನಾಮೆಯ ಅರ್ಥ ಅದೇ. ಮಲೆಯಾಳಿಗಳಂತೂ ನಾಮೆಯನ್ನು ಕೈಬಿಟ್ಟು ಬರಿಯ ‘ರಾಜಿ’ ಎಂದೇ ಹುದ್ದೆ ಬಿಡುತ್ತಾರೆ. ಹಿಂದಿ, ಉರ್ದುಗಳಲ್ಲಿ ಹಳೆಯ ಅರ್ಥವೇ ಉಳಿದಿದೆ.

ಇದು ಬರಿಯ ನಿಘಂಟಿನ ವಿನೋದವೆಂದು ಭಾವಿಸಬಾರದು. ಸಾಲಗಾರ ರೈತನು ರಾಜೀನಾಮೆಗೆ ಹೆಬ್ಬೆಟ್ಟು ಒತ್ತುವುದು, ಸಾವುಕಾರನು ಕಬೂಲಾಯತಿ ಬರೆದುಕೊಟ್ಟು ಅದೇ ಹೊಲವನ್ನು ಹಿಡಿಯುವುದು, ಹೀಗೆ ಮಾರಾಟದ ಪತ್ರವಿಲ್ಲದೆಯೇ ಭೂಮಿ ಕೈ ಬದಲಾಯಿಸುತ್ತಿತ್ತು. ಅಂಥ ಎರಡು ಕಾಗದ ಸೇರಿದರೆ ಮಾರಾಟವಾಯಿತೇ ಇಲ್ಲವೇ ಎಂದು ನ್ಯಾಯಾಲಯಗಳೇ ತಲೆ ಕೆಡಿಸಿಕೊಂಡದ್ದುಂಟು. ಯಲಬುರ್ಗಾ, ಕುಷ್ಟಗಿಗಳ ಎಲ್ಲೆಯಿಂದ ಗಜೇಂದ್ರಗಡ ಕಣ್ಣಳತೆಯ ದೂರ. ಈಚೆಯ ಊರಿನಲ್ಲಿ ರಾಜೀನಾಮೆಯೆಂದರೆ ಜಗಳ ಹರಿಯಿತೆಂದು ನೆಮ್ಮದಿ; ಆಚೆಯ ಊರಿನಲ್ಲಿ ಹೊಲ ಹೋಯಿತೆಂಬ ಸಂಕಟ. ಓದು ಬಾರದವನಿಗೆ ಕಾಗದದ ಹೆಸರೊಂದೇ ತಿಳಿಯುವುದು. ಆ ಹೆಸರೂ ಎರಡು ನಾಲಗೆಯದಾದರೆ ಅವನು ಯಾರನ್ನು ಕೇಳಬೇಕು?

ಆಳುವವರ ಭಾಷೆಯಲ್ಲಿ ಒಪ್ಪಿಗೆ ಹೇಳುವ ಈ ಅವಸ್ಥೆ ನಮಗೊಬ್ಬರಿಗೇ ಬಂದದ್ದಲ್ಲ. ಇಂಗ್ಲಿಷರ ‘ಅಕ್ಸೆಪ್ಟ್’ ಎಂಬ ಮಾತೇ ಲ್ಯಾಟಿನ್ ಮೂಲದ್ದು, ಫ್ರೆಂಚಿನ ಮೂಲಕ ಬಂದದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಸ್ಥಾನ, ನ್ಯಾಯಾಲಯಗಳು ಫ್ರೆಂಚ್ ಆಡಿದವು. ಇಂದಿಗೂ ಅಲ್ಲಿನ ಪಾರ್ಲಿಮೆಂಟಿನ ಮಸೂದೆಗೆ ಅರಸನ ಒಪ್ಪಿಗೆಯನ್ನು ಸಾರುವುದು ಹಳೆಯ ಫ್ರೆಂಚಿನಲ್ಲಿಯೇ: ‘ಅರಸನಿಗೆ ಇದು ಇಷ್ಟ’ ಎಂದು. ಒಪ್ಪದಿದ್ದರೆ ‘ಬೇಡ’ ಎನ್ನುವಂತಿಲ್ಲ. ‘ಅರಸನು ಆಲೋಚಿಸುವನು’ ಎನ್ನಬೇಕು. ಆ ಮಾತನ್ನು ಕೊನೆಯ ಸಲ ಬಳಸಿದ್ದು 1708ರಲ್ಲಿ, ಆನ್ ರಾಣಿಯ ಕಾಲದಲ್ಲಿ. ನಮ್ಮವರ ‘ನೋಡೋಣು ಬಿಡ್ರಿ’ ಎಂಬುದೂ ಇದೇ ಜಾತಿಯದು. ಬೀಗರ ಮನೆಯಿಂದ ಹೆಣ್ಣು ಕೇಳಲು ಬಂದವರು ಈ ಮಾತು ಕೇಳಿದ ಕೂಡಲೇ ವಲ್ಲಿ ಕೊಡವಿಕೊಂಡು ಏಳುತ್ತಾರೆ.

ಹೈದರಾಬಾದಿನಲ್ಲಿ ಭಾಷಾಂತರದ ಉದ್ಯಮಕ್ಕೆ ಕೊರತೆಯಿರಲಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ 1917ರಲ್ಲಿ ಹುಟ್ಟಿದ ಭಾಷಾಂತರ ಶಾಖೆಯು ಇಂಗ್ಲಿಷಿನ ಕಾನೂನು, ವೈದ್ಯ, ವಿಜ್ಞಾನಗಳನ್ನೆಲ್ಲ ಉರ್ದುವಿಗೆ ತಂದಿತು. ದೊಡ್ಡ ಕೆಲಸವೇ ಸರಿ, ಹೊಗಳಬೇಕಾದದ್ದೇ. ಆದರೆ ಕುಷ್ಟಗಿಯ ರೈತನ ಮಾತಿಗೆ ಆ ಕಟ್ಟಡದಲ್ಲಿ ಒಂದು ಮೇಜೂ ಇರಲಿಲ್ಲ.

ಕನ್ನಡದಲ್ಲಿ ಇದಕ್ಕೆ ಶಬ್ದವಿರಲಿಲ್ಲವೇ? ‘ಒಪ್ಪು’ ಎಂಬ ಒಂದು ಧಾತುವಿನ ಸಂಸಾರವನ್ನು ನೋಡಿರಿ. ಮನಸ್ಸು ಕೂಡಿದರೆ ಒಪ್ಪಿಗೆ, ಇಬ್ಬರು ಕೂಡಿದರೆ ಒಪ್ಪಂದ, ಕೈಗೆ ಕೊಟ್ಟರೆ ಒಪ್ಪಿಸುವುದು, ಚೆನ್ನಾಗಿ ಕಂಡರೆ ಒಪ್ಪುವುದು, ತಪ್ಪನ್ನು ಹೇಳಿಕೊಂಡರೆ ತಪ್ಪೊಪ್ಪಿಗೆ. ಸಹಿಗೆ ಹಳಗಾಲದ ಹೆಸರು ‘ಒಪ್ಪ’. ವಿಜಯನಗರದ ಅರಸರ ಎಷ್ಟೋ ತಾಮ್ರಶಾಸನಗಳ ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಆದರೆ ಕೊನೆಯಲ್ಲಿ ಅರಸನ ಒಪ್ಪ ಮಾತ್ರ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’ ಎಂದು. ಆ ರಾಜ್ಯದ ತೊಟ್ಟಿಲೆನಿಸಿದ ಆನೆಗೊಂದಿ ಗಂಗಾವತಿ ತಾಲ್ಲೂಕಿನ ಊರೇ ಅಲ್ಲವೆ?

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಮರುವರ್ಷ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಈ ನಾಲ್ಕು ತಾಲ್ಲೂಕುಗಳು ರಾಯಚೂರು ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದವು. 1963ರಲ್ಲಿ ಕನ್ನಡ ಆಡಳಿತ ಭಾಷೆಯೆಂದು ಕಾಯಿದೆಯಾಯಿತು. ಮೂರು ಕಡೆಯ ದಫ್ತರಗಳು ಒಂದೇ ಕಪಾಟು ಸೇರಿದಾಗ ಗೆದ್ದದ್ದು ಮುಂಬಯಿ ಕಡೆಯ ರಾಜೀನಾಮೆ. ಉರ್ದುವಿನ ಅರ್ಥ ‘ರಾಜಿ’ ಎಂಬ ತುಂಡಿನಲ್ಲಿ ಉಳಿದುಕೊಂಡಿತು. ಕೊಪ್ಪಳದಲ್ಲಿ ಲೋಕ ಅದಾಲತ್ ನಡೆದ ದಿನ ಅಣ್ಣತಮ್ಮಂದಿರು ಹೊಲದ ವ್ಯಾಜ್ಯ ಮುಗಿಸಿ ‘ರಾಜಿ ಆತು’ ಎಂದು ನಗುತ್ತ ಮನೆಗೆ ಬರುತ್ತಾರೆ. ‘ರಾಜೀನಾಮಿ ಆತು’ ಎಂದು ಬಿಟ್ಟರೆ ಮಾತ್ರ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ.