ಈಚಲುವನಗಳ ಸೀಮೆಯಲ್ಲಿ ಸೇಂದಿ

ಮಳೆ ವಿರಳವಾದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಲ್ಲಿ ಬೀರಿನ ಸ್ಥಾನವನ್ನು ಬಹುಕಾಲ ಪಡೆದಿದ್ದುದು ಹಳ್ಳದ ಇಕ್ಕೆಲಗಳಲ್ಲಿ ತಾನಾಗಿ ಬೆಳೆದ ಈಚಲುಮರದ ಸೇಂದಿ. ಈಡಿಗರು ಸುಳಿಯ ಕೆಳಗೆ ಕತ್ತಿಯಿಂದ ಹೆರೆದು ಸಂಜೆ ಕಟ್ಟಿದ ಮಡಕೆಯಲ್ಲಿ ಇರುಳೆಲ್ಲ ತೊಟ್ಟಿಕ್ಕಿದ ರಸವು, ನಸುಕಿನಲ್ಲಿ ಸಿಹಿಯಾದ ನೀರಾ ಆಗಿದ್ದು, ಬಿಸಿಲೇರಿದಂತೆ ನೊರೆಯೆದ್ದು ಹುಳಿಯಾಗಿ ಮಾದಕವಾಗುತ್ತಿತ್ತು. ಒಂದು ವರ್ಷ ಈ ಮಗ್ಗುಲು, ಮರುವರ್ಷ ಆ ಮಗ್ಗುಲು ಹೆರೆದುದರಿಂದ ಅಂಕುಡೊಂಕಾದ ಕಾಂಡವನ್ನು ನೋಡಿ, ಮರವು ಎಷ್ಟು ವರ್ಷ ರಸವಿತ್ತಿತೆಂಬುದನ್ನು ಎಣಿಸಬಹುದಾಗಿತ್ತು.

ಇದೇ ನೆಲದ ಮ್ಯಾಸಬೇಡ ಬುಡಕಟ್ಟಿನವರಿಗಾದರೋ ಸೇಂದಿಯು ನಿಷಿದ್ಧ. ಕುಲಾಚಾರವೆಂದು ಅವರು ಪಾಲಿಸಿದ ಈ ಸಂಯಮವು ಯಾವ ಶಾಸನಕ್ಕಿಂತಲೂ ಹಿರಿದೆಂದು ನಾನು ಭಾವಿಸುತ್ತೇನೆ.

ಸರ್ಕಾರಕ್ಕೆ ಮಾತ್ರ ಅಬಕಾರಿ ಹರಾಜು ಬೊಕ್ಕಸದ ಆಸರೆಯಾಗಿತ್ತು. 1939ರಲ್ಲಿ ನೆರೆಯ ತುರುವನೂರಿನ ಸತ್ಯಾಗ್ರಹಿಗಳು ಈಚಲುಮರಗಳನ್ನು ಕಡಿದುದು ಆ ಆದಾಯದ ಬುಡಕ್ಕೇ ಕೊಡಲಿಯಿಟ್ಟಂತೆ. 1948ರಲ್ಲಿ ಮೈಸೂರು ಸಂಸ್ಥಾನವು ಪಾನನಿರೋಧವನ್ನು ಕೈಗೊಂಡಾಗ ಮಡಕೆಯು ಮರದಿಂದಿಳಿದು ಮರೆಗೆ ಸೇರಿತು. ಬೆಲ್ಲ, ಜಾಲಿಯ ತೊಗಟೆಗಳನ್ನು ಕೊಳೆಹಾಕಿ ಕಳ್ಳಭಟ್ಟಿಯಿಳಿಸುವ, ಸೇಂದಿಗಿಂತ ಎಷ್ಟೋ ಪಾಲು ಘೋರವಾದ ಗೃಹೋದ್ಯಮವು ನಾಡಿನಲ್ಲಿ ಹಬ್ಬಿತು. 1967ರಲ್ಲಿ ನಿರೋಧವು ತೆರವಾಗಿ ಸಾರಾಯಿ ಅಂಗಡಿಗಳು ಮೆರೆದವು. 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಯಿತು.