ತೋಟದ ಮೇಸ್ತ್ರಿ
ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಆಳುಗಳನ್ನು ಒದಗಿಸಿ, ಕೆಲಸ ಹಂಚಿ, ಮಾಡಿಸುವ ಮುಂದಾಳು. ಹಾಜರಿ, ಲೆಕ್ಕ ತೋಟದ ಗುಮಾಸ್ತನಾದ ರೈಟರ ಪಾಲು. ಬ್ರಿಟಿಷರ ಕಾಲದಲ್ಲಿ ಮೇಸ್ತ್ರಿ ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದಲೂ ಕೂಲಿಗಳನ್ನು ತರುತ್ತಿದ್ದ. ಆ ಸಾಲವೇ ಹಿಡಿತವಾಗಿ ಶೋಷಣೆಗೆ ದಾರಿಯಾಯಿತು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ವಸತಿ, ಚಿಕಿತ್ಸೆ, ಶಿಶುಪಾಲನೆಯ ಹೊಣೆಯನ್ನು ಮಾಲೀಕರಿಗೆ ಹೊರಿಸಿತು. ಇಂದಿನ ಮೇಸ್ತ್ರಿಯ ಕಷ್ಟ ಬೇರೆ. ಕೊಯ್ಲಿಗೆ ಅಸ್ಸಾಮಿನಂಥ ದೂರದಿಂದ ಬರುವವರಿಗೆ ಹಣ್ಣನ್ನಷ್ಟೇ ಆರಿಸಿ ಕೀಳುವುದನ್ನು ಭಾಷೆಯ ಅಡ್ಡಿ ದಾಟಿ ಕಲಿಸಬೇಕು. ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯ ಕೈಚಳಕ, ಕಾಂಡಕೊರಕ ಹಿಡಿದ ಗಿಡ ಗುರುತಿಸುವ ಕಣ್ಣು ಒಂದು ಹಂಗಾಮಿನಲ್ಲಿ ಬರುವಂಥದ್ದಲ್ಲ. ಅದನ್ನು ಬಲ್ಲ ಹಳೆಯ ಆಳುಗಳ ಮಕ್ಕಳೋ ಬೆಂಗಳೂರು ಸೇರುತ್ತಿದ್ದಾರೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಇಂಥ ಕೆಲಸಗಳ ತರಬೇತಿಯನ್ನೂ ನೀಡುತ್ತದೆ. ಹಣ್ಣು ಕೀಳುವವರಲ್ಲಿ ಹೆಂಗಸರೇ ಹೆಚ್ಚು, ಆದರೆ ಅವರಲ್ಲಿ ಮೇಸ್ತ್ರಿಯಾಗುವವರು ವಿರಳ, ಇದು ಬದಲಾಗಲೇಬೇಕು.