ಮಾರ್ಫಾದ ಬ್ಲ್ಯಾಕ್‌ವೆಲ್ ಪಾಠಶಾಲೆ

ಅಮೆರಿಕದ ಟೆಕ್ಸಸ್ ಸಂಸ್ಥಾನದಲ್ಲಿ ಆಫ್ರಿಕ ಮೂಲದ ಮಕ್ಕಳನ್ನು ಬಿಳಿಯರ ಶಾಲೆಗಳಿಂದ ದೂರವಿರಿಸಿದ್ದು ಶಾಸನ. ಮೆಕ್ಸಿಕೋ ಮೂಲದ ಮಕ್ಕಳ ವಿಷಯದಲ್ಲಿ ಅಂಥ ಶಾಸನವೇ ಇರಲಿಲ್ಲ. ಶಾಸನದ ಕೆಲಸವನ್ನು ರೂಢಿಯೇ ನಿರ್ವಹಿಸಿತು. ಈ ರೂಢಿಯ ಸ್ವರೂಪವನ್ನು ಅರಿಯಲು ಸಣ್ಣ ಊರಿನ ಪಾಠಶಾಲೆಯೊಂದರ ಚರಿತ್ರೆಯನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಮಾರ್ಫಾ ಎಂಬುದು ಟೆಕ್ಸಸಿನ ಪಶ್ಚಿಮದ ಒಣಭೂಮಿಯಲ್ಲಿ, ಮೆಕ್ಸಿಕೋ ಗಡಿಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಊರು. 1909ರಲ್ಲಿ ಹಸಿ ಇಟ್ಟಿಗೆಯಿಂದ ಕಟ್ಟಿದ ಈ ಶಾಲೆ ಅಲ್ಲಿಯ ಮೆಕ್ಸಿಕನ್ ಮನೆತನಗಳ ಮಕ್ಕಳಿಗೆಂದೇ ಮೀಸಲಾಗಿತ್ತು. ಬಹುಕಾಲ ಮುಖ್ಯೋಪಾಧ್ಯಾಯರಾಗಿದ್ದ ಜೆಸ್ಸಿ ಬ್ಲ್ಯಾಕ್‌ವೆಲ್ ಅವರ ಹೆಸರು ಅದಕ್ಕೆ ಬಂದದ್ದು ಅನಂತರ.

ಮಕ್ಕಳಿಗೆ ಇಂಗ್ಲಿಷ್ ಬಾರದಾದ್ದರಿಂದ ಪ್ರತ್ಯೇಕವಾಗಿ ಕಲಿಸಬೇಕಾಗಿದೆ ಎಂಬುದು ಇಂಥ ಶಾಲೆಗಳಿಗೆ ಅಧಿಕಾರಿಗಳು ಕೊಡುತ್ತಿದ್ದ ಸಮರ್ಥನೆ. ಈ ಸಮರ್ಥನೆ ನಿಲ್ಲುವಂಥದಲ್ಲ. ಅದೇ ಸಂಸ್ಥಾನದ ಡ್ರಿಸ್ಕಲ್ ಎಂಬಲ್ಲಿ ಸ್ಪ್ಯಾನಿಷನ್ನೇ ಅರಿಯದ ಬಾಲಕಿಯೊಬ್ಬಳನ್ನು ಕೇವಲ ಕುಲನಾಮವನ್ನು ನೋಡಿ ಪ್ರತ್ಯೇಕ ತರಗತಿಗೆ ಸೇರಿಸಿದ್ದ ಸಂಗತಿ 1957ರ ವ್ಯಾಜ್ಯದಲ್ಲಿ ಬಯಲಾಯಿತು.

ಬ್ಲ್ಯಾಕ್‌ವೆಲ್ ಶಾಲೆಯಲ್ಲಿ ಸ್ಪ್ಯಾನಿಷ್ ಮಾತನಾಡಿದವರಿಗೆ ಹಲಗೆಯ ಪೆಟ್ಟು ಬೀಳುತ್ತಿತ್ತೆಂದು ಹಳೆಯ ವಿದ್ಯಾರ್ಥಿಗಳು ಹೇಳಿದ್ದಾರೆ. 1954ರಲ್ಲಿ ನಡೆದುದು ಇನ್ನೂ ವಿಲಕ್ಷಣವಾದುದು. 'ಶ್ರೀಮಾನ್ ಸ್ಪ್ಯಾನಿಷ್'ನ ಶವಸಂಸ್ಕಾರವೆಂದು ಹೆಸರಿಟ್ಟು, ಮಕ್ಕಳು ಬರೆದ ಕಾಗದದ ಚೂರುಗಳನ್ನು ಪೆಟ್ಟಿಗೆಯಲ್ಲಿರಿಸಿ ಶಾಲೆಯ ಆವರಣದಲ್ಲಿ ಹೂಳಿಸಿದರು. ಮನೆಯಲ್ಲಿ ತಾಯಿ ಬದುಕಿರುವಾಗಲೇ ಮಕ್ಕಳ ಕೈಯಿಂದ ತಾಯ್ನುಡಿಗೆ ಉತ್ತರಕ್ರಿಯೆ ಮಾಡಿಸಿದಂತಾಯಿತು! ವರ್ಣಾನುಸಾರವಾದ ಪ್ರತ್ಯೇಕ ಶಾಲೆಗಳು ಸಂವಿಧಾನವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದೂ ಅದೇ ವರ್ಷ. ಮೆಕ್ಸಿಕನ್ ಮಕ್ಕಳನ್ನು ಬೇರ್ಪಡಿಸುವುದು ಅಕ್ರಮವೆಂದು ಟೆಕ್ಸಸಿನ ಫೆಡರಲ್ ನ್ಯಾಯಾಲಯವಾದರೋ 1948ರಲ್ಲಿಯೇ ಡೆಲ್ಗಾಡೊ ಮೊಕದ್ದಮೆಯಲ್ಲಿ ಸಾರಿತ್ತು. ಆದರೂ ಮಾರ್ಫಾದ ಶಾಲೆ ಮುಚ್ಚಿದ್ದು 1965ರಲ್ಲಿ.

ಇಷ್ಟರಿಂದಲೇ ಈ ಶಾಲೆ ದಬ್ಬಾಳಿಕೆಯ ಸ್ಥಾನ ಮಾತ್ರವಾಗಿತ್ತೆಂದು ತೀರ್ಮಾನಿಸುವುದು ನಮಗೆ ಸಮ್ಮತವಲ್ಲ. ಐವತ್ತಾರು ವರ್ಷಗಳ ಕಾಲ ಒಂದೇ ಮನೆಯ ತಂದೆತಾಯಿಗಳೂ ಮಕ್ಕಳೂ ಅದೇ ಗೋಡೆಗಳ ನಡುವೆ ಕಲಿತರು, ಗೆಳೆತನ ಬೆಳೆಸಿದರು. ಕಟ್ಟಡವನ್ನು ಕೆಡಹುವ ಮಾತು ಬಂದಾಗ ಅಡ್ಡನಿಂತವರು ಅಲ್ಲಿ ಪೆಟ್ಟು ತಿಂದವರೇ ಎಂಬುದು ಗಮನಾರ್ಹ. ಅವರು ಕೂಡಿ ಸಂಘ ಕಟ್ಟಿದರು. ಹಳೆಯ ಛಾಯಾಚಿತ್ರಗಳನ್ನೂ ನೆನಪುಗಳನ್ನೂ ಸಂಗ್ರಹಿಸಿದರು. 2007ರಲ್ಲಿ ಒಟ್ಟುಸೇರಿ, ಹಿಂದೆ ಹೂಳಿಸಿದ್ದ ಭಾಷೆಯ ಸಂಕೇತವಾಗಿ ಸ್ಪ್ಯಾನಿಷ್ ನಿಘಂಟೊಂದನ್ನು ಮಣ್ಣಿನಿಂದ ಮೇಲೆತ್ತಿದರು. 2022ರ ಅಕ್ಟೋಬರಿನಲ್ಲಿ ಅಮೆರಿಕದ ಶಾಸನವೊಂದು ಆ ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿತು.